ಸಂಜೆ ಆರರ ನಂತರ: ಹವ್ಯಾಸಿ ತಂಡಗಳ ಬದುಕು, ನಾಟಕಗಳ ರೂಪ

(ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿ ಎಂದರೆ ಒಂದು ಇಡುಗಂಟು. ಅದನ್ನು ಮುಟ್ಟದೆ, ಬರುವ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಬ್ಬರು ಮಾತಾಡಬೇಕು, ಒಂದಷ್ಟು ಜನ ಕೂತು ಕೇಳಬೇಕು. ಹವ್ಯಾಸಿ ನಾಟಕ ತಂಡಗಳಿಗೆ ಇಂಥ ಇಡುಗಂಟು ಯಾವ ಕಾಲಕ್ಕೂ ಇರಲಿಲ್ಲ. ಅವುಗಳ ಕೈಯಲ್ಲಿ ಇದ್ದದ್ದು ಸದಸ್ಯರ ಸಂಜೆ ಮಾತ್ರ. ಆಫೀಸು, ಕಾರ್ಖಾನೆ, ಕಾಲೇಜು, ತೋಟ ಮುಗಿಸಿ ಬಂದವರ ಎರಡು ಮೂರು ಗಂಟೆಯ ಬಿಡುವು. ಅದನ್ನೇ ಖರ್ಚು ಮಾಡಿ ಕನ್ನಡದಲ್ಲಿ ನೂರು ವರ್ಷಕ್ಕೂ ಮೀರಿ ನಾಟಕ ಆಡಿದ್ದಾರೆ.

ಈ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ನಾಟಕಕಾರರ ಹೆಸರು ಹಿಡಿದು ಹೇಳುತ್ತೇವೆ: ಕೈಲಾಸಂ, ಶ್ರೀರಂಗ, ಕಾರ್ನಾಡ, ಲಂಕೇಶ್, ಕಂಬಾರ. ಈಚಿನ ಕಾಲಕ್ಕೆ ಬಂದರೆ ನಿರ್ದೇಶಕರ ಹೆಸರೂ ಸೇರುತ್ತದೆ. ಇವತ್ತು ನಾನು ಅದೇ ಕಥೆಯನ್ನು ಇನ್ನೊಂದು ತುದಿಯಿಂದ ಹಿಡಿಯುತ್ತೇನೆ. ತಾಲೀಮು ಎಲ್ಲಿ ನಡೆಯಿತು? ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕಾಯಿತು? ಯಾರಿಗೆ ಬರಲು ಆಯಿತು, ಯಾರಿಗೆ ಆಗಲಿಲ್ಲ? ಟೀ ದುಡ್ಡು ಯಾರ ಜೇಬಿನದು? ಇವು ಹರಟೆಯ ಪ್ರಶ್ನೆಗಳಂತೆ ಕಾಣುತ್ತವೆ. ಆದರೆ ನಾಟಕ ಎಷ್ಟು ಉದ್ದವಿರಬೇಕು, ಎಷ್ಟು ಪಾತ್ರ ಇರಬೇಕು, ಹಾಡು ಇರಬೇಕೋ ಬೇಡವೋ, ಸೆಟ್ ಬೇಕೋ ಬೇಡವೋ ಎಂಬುದೆಲ್ಲ ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗಿದೆ ಎಂಬುದು ನನ್ನ ವಾದ. ಕಂಪನಿ ನಾಟಕದ ರೂಪವನ್ನು ಗಲ್ಲಾಪೆಟ್ಟಿಗೆ ತಿದ್ದಿತು. ಹವ್ಯಾಸಿ ನಾಟಕದ ರೂಪವನ್ನು ಸದಸ್ಯರ ಬಿಡುವು ತಿದ್ದಿತು.

ಕಂಪನಿ ಮತ್ತು ಕ್ಲಬ್ಬು

ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರ ಕಾಲಕ್ಕೆ ಅದು ಎಷ್ಟು ದೊಡ್ಡದಾಯಿತೆಂದರೆ, 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ರಂಗದ ಮೇಲೆ ಬಂದವು. ಇಂಥ ನಾಟಕಕ್ಕೆ ಸಂಬಳದ ನಟರು ಬೇಕು, ಪರದೆ ಬರೆಯುವವರು ಬೇಕು, ಹಾರ್ಮೋನಿಯಂ ಮಾಸ್ತರರು ಬೇಕು, ನೂರಾರು ಜನರಿಗೆ ಅಡುಗೆ ಮಾಡಿ ಹಾಕುವ ಭಟ್ಟರು ಬೇಕು. ಕಂಪನಿಯ ನಟನಿಗೆ ನಾಟಕವೇ ಊಟ, ನಾಟಕವೇ ಮನೆ. ರಾತ್ರಿಯಿಡೀ ಆಡಿ ಹಗಲು ಮಲಗುವ ಬದುಕು ಅದು.

ಬೆಂಗಳೂರಿನಲ್ಲಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್, ನಮ್ಮೆಲ್ಲರ ಬಾಯಲ್ಲಿ ಎ.ಡಿ.ಎ., ಆರಂಭವಾದಾಗ ಅಲ್ಲಿ ಸೇರಿದವರ ಬದುಕು ತದ್ವಿರುದ್ಧ. ವಕೀಲರು, ಸರ್ಕಾರಿ ನೌಕರರು, ಓದಿಕೊಂಡ ತರುಣರು. ಮರುದಿನ ಬೆಳಿಗ್ಗೆ ಕೋರ್ಟು ಕಚೇರಿಗೆ ಹೋಗಲೇಬೇಕಾದವರು. ಬಳ್ಳಾರಿಯ ರಾಘವರು ಈ ವಲಯದ ದೊಡ್ಡ ನಟ. ವೃತ್ತಿಯಿಂದ ವಕೀಲರು, ತೆಲುಗು ಕನ್ನಡ ಎರಡರಲ್ಲೂ ಪಾತ್ರ ಮಾಡಿದವರು. ಹಗಲು ನ್ಯಾಯಾಲಯದಲ್ಲಿ ವಾದ, ರಾತ್ರಿ ರಂಗದ ಮೇಲೆ ಅಭಿನಯ. ಹವ್ಯಾಸಿ ನಟ ಎಂಬ ಮಾದರಿ ನಮ್ಮಲ್ಲಿ ರೂಪುಗೊಂಡದ್ದು ಇಂಥವರ ಮೂಲಕ.

ಈ ಜನಕ್ಕೆ ತಕ್ಕ ನಾಟಕ ಬರೆದುಕೊಟ್ಟವರು ಟಿ.ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸಕ್ಕಿದ್ದು, ಆಮೇಲೆ ಅದನ್ನು ಬಿಟ್ಟವರು. 1918ರ ಸುಮಾರಿನ ‘ಟೊಳ್ಳುಗಟ್ಟಿ’ಯನ್ನು ತೆಗೆದುಕೊಳ್ಳಿ. ರ್‍ಯಾಂಕಿನ ಮಗ ಪುಟ್ಟು, ಪರೀಕ್ಷೆಯಲ್ಲಿ ಹಿಂದೆ ಬಿದ್ದು ಮನೆಗೆ ಮುಂದೆ ನಿಂತ ಮಗ ಮಾಧು. ಅರಮನೆ ಇಲ್ಲ, ಕಾಡು ಇಲ್ಲ, ಹಾಡು ಇಲ್ಲ. ಒಂದು ಮಧ್ಯಮ ವರ್ಗದ ಮನೆ, ಆ ಮನೆಯ ಕನ್ನಡ ಇಂಗ್ಲಿಷ್ ಕಲಸಿದ ಮಾತು.

ಕೈಲಾಸಂ ಹೀಗೆ ಬರೆದದ್ದಕ್ಕೆ ಅವರ ಪ್ರತಿಭೆ, ಅವರು ಇಂಗ್ಲೆಂಡಿನಲ್ಲಿ ನೋಡಿದ ನಾಟಕಗಳು ಕಾರಣ ಎಂದು ವಿಮರ್ಶಕರು ಹೇಳಿದ್ದಾರೆ. ಅದು ಸರಿಯೇ. ಜೊತೆಗೆ ಇದನ್ನೂ ನೋಡಿ. ಮನೆಯ ಪಡಸಾಲೆಯ ಸೆಟ್ಟಿಗೆ ಬೇಕಾದ ಮೇಜು ಕುರ್ಚಿ ಯಾವನಾದರೂ ಸದಸ್ಯನ ಮನೆಯಿಂದ ಬರುತ್ತದೆ. ಕೋಟು ಪೇಟ ಮೈಮೇಲೇ ಇದೆ. ಸಂಗೀತ ಕಲಿಯದವನೂ ಪಾತ್ರ ಮಾಡಬಹುದು. ಎರಡು ಗಂಟೆಯೊಳಗೆ ಆಟ ಮುಗಿಯುತ್ತದೆ, ಬೆಳಗಾದರೆ ಕಚೇರಿಗೆ ಹೋಗಬಹುದು. ನೋಡಲು ಬಂದವರೂ ಆಡುವವರೂ ಒಂದೇ ಬೀದಿಯವರಾದ್ದರಿಂದ ಆ ಮಾತಿನ ವರಸೆ ಕೂಡಲೇ ನಾಟುತ್ತದೆ. ಕೈಲಾಸಂ ಗೆಳೆಯರ ನಡುವೆ ಕೂತು ನಾಟಕವನ್ನು ಬಾಯಲ್ಲೇ ಆಡಿ ತೋರಿಸುತ್ತಿದ್ದರು, ಹೇಳುತ್ತ ಹೋದದ್ದನ್ನು ಗೆಳೆಯರು ಬರೆದುಕೊಳ್ಳುತ್ತಿದ್ದರು. ಅಂದರೆ ಹೊಸಗನ್ನಡ ನಾಟಕ ಒಂದು ಗೆಳೆಯರ ಕೂಟದಲ್ಲಿ ಬಾಯಿಂದ ಬಾಯಿಗೆ ಹುಟ್ಟಿ ಆಮೇಲೆ ಕಾಗದಕ್ಕೆ ಇಳಿಯಿತು. ‘ನಮ್ ಕ್ಲಬ್ಬು’, ‘ನಮ್ ಕಂಪ್ನಿ’ ಎಂದು ಅವರು ನಾಟಕಗಳಿಗೆ ಹೆಸರಿಟ್ಟರು. ಕ್ಲಬ್ಬಿನವರು ಕ್ಲಬ್ಬನ್ನೇ ರಂಗಕ್ಕೆ ತಂದು ನಕ್ಕರು.

ಮೈಸೂರು, ಧಾರವಾಡಗಳ ಕಾಲೇಜುಗಳಲ್ಲೂ ಇದೇ ಬಗೆ. ಎ.ಎನ್. ಮೂರ್ತಿರಾಯರು ಮೋಲಿಯೇರನ ‘ತಾರ್ತೂಫ್’ ನಾಟಕವನ್ನು ‘ಆಷಾಢಭೂತಿ’ಯಾಗಿ ಕನ್ನಡಕ್ಕೆ ತಂದರು. ಧಾರವಾಡದ ಕರ್ನಾಟಕ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಆದ್ಯ ರಂಗಾಚಾರ್ಯರು ಶ್ರೀರಂಗರಾಗಿ ಸಾಲು ಸಾಲು ನಾಟಕ ಬರೆದರು. ಅವರಿಗೂ ಎದುರಿಗೆ ಇದ್ದದ್ದು ಸಂಬಳದ ನಟರಲ್ಲ. ಚರ್ಚೆ, ವಾದ, ವ್ಯಂಗ್ಯ ಶ್ರೀರಂಗರ ನಾಟಕದ ಜೀವ. ಅದು ಕಾಲೇಜಿನ ಸಂಜೆಗಳ ಗುಣವೂ ಹೌದು.

ಆಟೋದ ಬಾಬ್ತು

ನಾನು ಬಹುಕಾಲ ಕೆಲಸ ಮಾಡಿದ್ದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಸಣ್ಣ ತಂಡದಲ್ಲಿ. ನಟನಾಗಿ ನನ್ನಿಂದ ಹೆಚ್ಚೇನೂ ಆಗಲಿಲ್ಲ. ಪ್ರಾಂಪ್ಟ್ ಮಾಡುವುದು, ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದವು. ಆ ಲೆಕ್ಕದ ಪುಸ್ತಕ ನನ್ನ ಬಳಿ ಇನ್ನೂ ಇದೆ. ಅದನ್ನು ಒಂದು ದಾಖಲೆ ಎಂದು ಓದಿದರೆ ತಂಡದ ಸಾಮಾಜಿಕ ಚರಿತ್ರೆ ಅದರಲ್ಲೇ ಸಿಗುತ್ತದೆ.

ತಾಲೀಮಿನ ತಿಂಗಳುಗಳಲ್ಲಿ ದಿನದಿನವೂ ಬರುವ ಬಾಬ್ತು ಟೀ. ಕೆಲವು ದಿನ ಟೀ ಮತ್ತು ಬನ್ನು. ವಾರಕ್ಕೊಮ್ಮೆ ಜೆರಾಕ್ಸು: ಯಾರೋ ಸ್ಕ್ರಿಪ್ಟ್ ಕಳಕೊಂಡಿರುತ್ತಾರೆ. ಪ್ರದರ್ಶನ ಹತ್ತಿರ ಬಂದ ಹಾಗೆ ಪುಟದ ಬಣ್ಣವೇ ಬದಲಾಗುತ್ತದೆ: ಹಾಲಿನ ಬಾಡಿಗೆ, ಲೈಟಿನವರಿಗೆ ಮುಂಗಡ, ಪ್ಲೈವುಡ್, ಮೊಳೆ, ಸುಣ್ಣದ ಪುಡಿ, ಮೀಸೆ ಅಂಟಿಸುವ ಸ್ಪಿರಿಟ್ ಗಮ್, ಸೆಟ್ ಸಾಗಿಸಲು ಟೆಂಪೊ, ಟೆಂಪೊ ಡ್ರೈವರನ ಊಟ. ಇವುಗಳ ನಡುವೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಬಿಡದೆ ಬರುವ ಇನ್ನೊಂದು ಸಾಲಿದೆ: ‘ಆಟೋ, ಹೆಣ್ಣುಮಕ್ಕಳಿಗೆ’.

ಆ ಒಂದು ಸಾಲಿನಲ್ಲಿ ಕನ್ನಡ ಹವ್ಯಾಸಿ ರಂಗಭೂಮಿಯ ಅರ್ಧ ಕಥೆ ಇದೆ. ಕೈಲಾಸಂ ಕಾಲದಲ್ಲಿ ಹೆಂಗಸರ ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದರು. ರಂಗದ ಮೇಲೆ ಹೆಂಗಸರೇ ಬರಬೇಕೆಂದು ಗಟ್ಟಿಯಾಗಿ ಹೇಳಿದವರಲ್ಲಿ ಬಳ್ಳಾರಿ ರಾಘವರು ಒಬ್ಬರು. ಮುಂದಿನ ದಶಕಗಳಲ್ಲಿ ವಿದ್ಯಾವಂತ ಮನೆಗಳ ಹೆಣ್ಣುಮಕ್ಕಳು ಬಂದರು. ಆದರೆ ಗಂಡಸಿನ ಸಂಜೆ ಆರಕ್ಕೆ ಶುರುವಾದರೆ ಹೆಂಗಸಿನ ಸಂಜೆ ಅಡುಗೆ ಮುಗಿಸಿ, ಮಗುವನ್ನು ಯಾರಿಗೋ ಒಪ್ಪಿಸಿದ ಮೇಲೆ ಶುರುವಾಗುತ್ತಿತ್ತು. ಮುಗಿಯುವುದಂತೂ ಎಲ್ಲರಿಗಿಂತ ಮೊದಲು. ಎಂಟೂವರೆಗೆ ಅವರ ದೃಶ್ಯ ಮುಗಿಸಿ ಆಟೋ ಹತ್ತಿಸಬೇಕು, ಜೊತೆಗೆ ಒಬ್ಬರು ಹೋಗಬೇಕು, ಮನೆ ಬಾಗಿಲಲ್ಲಿ ಅವರ ತಂದೆಗೋ ಅತ್ತೆಗೋ ಮುಖ ತೋರಿಸಿ ಬರಬೇಕು.

ಇದರ ಪರಿಣಾಮ ಏನಾಯಿತು? ತಂಡಗಳು ನಾಟಕ ಆರಿಸುವಾಗ ಮೊದಲು ಕೇಳುತ್ತಿದ್ದ ಪ್ರಶ್ನೆ ‘ಲೇಡೀಸ್ ಎಷ್ಟು?’ ಎರಡಕ್ಕಿಂತ ಹೆಚ್ಚಿದ್ದರೆ ಪುಸ್ತಕ ಪಕ್ಕಕ್ಕೆ. ನಾಟಕಕಾರರಿಗೂ ಇದು ಗೊತ್ತಿತ್ತು. ಸ್ಪರ್ಧೆಗೆ ಬರೆದ ಎಷ್ಟೋ ಏಕಾಂಕಗಳಲ್ಲಿ ಏಳೆಂಟು ಗಂಡಸರ ನಡುವೆ ಒಬ್ಬ ಹೆಂಗಸು, ಅವಳೂ ಒಂದೆರಡು ದೃಶ್ಯಕ್ಕೆ ಬಂದು ಹೋಗುವವಳು. ಹೆಣ್ಣಿನ ಅನುಭವ ನಮ್ಮ ನಾಟಕ ಸಾಹಿತ್ಯದಲ್ಲಿ ತೆಳುವಾಗಿ ಬಂತು ಎಂದು ದೂರುತ್ತೇವಲ್ಲ, ಅದಕ್ಕೆ ನಾಟಕಕಾರರ ದೃಷ್ಟಿ ಎಷ್ಟು ಕಾರಣವೋ ಎಂಟೂವರೆಯ ಆಟೋ ಕೂಡ ಅಷ್ಟೇ ಕಾರಣ.

ಇದನ್ನು ದಾಟಿದ ಹೆಂಗಸರು ಎರಡು ದಾರಿಯಲ್ಲಿ ದಾಟಿದರು. ರಂಗಭೂಮಿಯ ಮನೆಯಲ್ಲೇ ಹುಟ್ಟಿದವರು ಒಂದು ಬಗೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು, ‘ಸ್ಪಂದನ’ ತಂಡ ಕಟ್ಟಿ, ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ಗಳನ್ನು ಆಡಿಸಿದರು. ಕಂಪನಿಯ ಕಂಠವೂ ಹವ್ಯಾಸಿ ತಂಡದ ಹುಡುಕಾಟವೂ ಅವರಲ್ಲಿ ಕೂಡಿದವು. ಇನ್ನೊಂದು ದಾರಿ ಮಕ್ಕಳ ರಂಗಭೂಮಿ. ಪ್ರೇಮಾ ಕಾರಂತರು ಬೆನಕ ಮಕ್ಕಳ ನಾಟಕ ತಂಡವನ್ನು ಕಟ್ಟಿದಾಗ, ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರಿಗೂ ರಂಗಮಂದಿರದ ಬಾಗಿಲು ತೆರೆಯಿತು.

ಪಾಳಿ ಮತ್ತು ಸ್ಪರ್ಧೆ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬೆಂಗಳೂರಿನ ಸಂಜೆಯೇ ಬದಲಾಯಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಸಾವಿರಾರು ತರುಣರಿಗೆ ಖಾಯಂ ನೌಕರಿ, ಕ್ವಾರ್ಟರ್ಸು, ಕ್ಯಾಂಟೀನು ಸಿಕ್ಕವು. ಈ ಕಾರ್ಖಾನೆಗಳ ಕನ್ನಡ ಸಂಘಗಳು, ಲಲಿತಕಲಾ ಸಂಘಗಳು ರಾಜ್ಯೋತ್ಸವ ಬಂತೆಂದರೆ ನಾಟಕ ಹಚ್ಚುತ್ತಿದ್ದವು. ಬ್ಯಾಂಕು, ಕಚೇರಿಗಳ ಮನರಂಜನಾ ಕೂಟಗಳೂ ಹಾಗೆಯೇ.

ಇಲ್ಲಿ ಬಿಡುವನ್ನು ಅಳೆಯುತ್ತಿದ್ದದ್ದು ಪಾಳಿ. ನಾಯಕ ಮೊದಲ ಪಾಳಿ, ಖಳನಾಯಕ ಎರಡನೇ ಪಾಳಿ ಆಗಿಬಿಟ್ಟರೆ ಅವರಿಬ್ಬರ ಜಗಳದ ದೃಶ್ಯವನ್ನು ಭಾನುವಾರ ಬಿಟ್ಟು ಬೇರೆ ದಿನ ತಾಲೀಮು ಮಾಡುವಂತಿಲ್ಲ. ಅದಕ್ಕೇ ಈ ತಂಡಗಳಲ್ಲಿ ದೃಶ್ಯಗಳನ್ನು ಬಿಡಿಬಿಡಿಯಾಗಿ ಕಟ್ಟಿ ಕೊನೆಗೆ ಗ್ರ್ಯಾಂಡ್ ರಿಹರ್ಸಲ್ಲಿನಲ್ಲಿ ಜೋಡಿಸುವ ರೂಢಿ ಬೆಳೆಯಿತು. ಸ್ಪರ್ಧೆಗಳಲ್ಲಿ ಒಂದೇ ಸಂಜೆ ಮೂರು ನಾಲ್ಕು ತಂಡಗಳು ಆಡಬೇಕು. ಆದ್ದರಿಂದ ಗಂಟೆಯೊಳಗೆ ಮುಗಿಯುವ ನಾಟಕ, ಕ್ಷಣದಲ್ಲಿ ತೆಗೆದಿಡಬಹುದಾದ ಸೆಟ್. ಏಕಾಂಕ ನಾಟಕ ಕನ್ನಡದಲ್ಲಿ ಅಷ್ಟು ಹುಲುಸಾಗಿ ಬೆಳೆದದ್ದಕ್ಕೆ ಇದು ದೊಡ್ಡ ಕಾರಣ. ಪರ್ವತವಾಣಿಯವರ ‘ಬಹದ್ದೂರ್ ಗಂಡ’ದಂಥ ಹಾಸ್ಯ ನಾಟಕಗಳಿಗೆ ಈ ಸಂಘಗಳಲ್ಲಿ ಸಿಕ್ಕ ಪ್ರೀತಿಯ ಗುಟ್ಟೂ ಇಲ್ಲೇ ಇದೆ. ಎಂಟು ಗಂಟೆ ಯಂತ್ರದ ಮುಂದೆ ನಿಂತು ಬಂದವರಿಗೆ, ಅವರ ಮನೆಮಂದಿಗೆ, ರಂಗದ ಮೇಲೆ ತಮ್ಮ ಫೋರ್‌ಮನ್ ಸೀರೆ ಉಟ್ಟು ಬಂದರೆ ಅದಕ್ಕಿಂತ ಹಬ್ಬ ಬೇಕೆ?

ಮುಂಬಯಿಯಲ್ಲೂ ಇಂಥದೇ ಬದುಕು. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಷನ್ ಅಲ್ಲಿನ ಕನ್ನಡಿಗರ ಹವ್ಯಾಸಿ ನಾಟಕಕ್ಕೆ ನೆಲೆ. ಬೆಂಗಳೂರಿನಲ್ಲಿ ಪಾಳಿ ಮಾಡಿದ ಕೆಲಸವನ್ನು ಅಲ್ಲಿ ಲೋಕಲ್ ರೈಲು ಮಾಡಿತು. ದೂರದ ಉಪನಗರದವರು ಯಾವ ಗಾಡಿ ಹಿಡಿಯಬೇಕು ಎಂಬುದರ ಮೇಲೆ ತಾಲೀಮಿನ ಹೊತ್ತು ನಿಂತಿತ್ತು. ಹೊರನಾಡಿನಲ್ಲಿ ಇನ್ನೊಂದು ಮಾತೂ ಸೇರುತ್ತದೆ: ವಾರವಿಡೀ ಬೇರೆ ಭಾಷೆಗಳಲ್ಲಿ ವ್ಯವಹರಿಸಿದವನಿಗೆ ಹೊಟ್ಟೆತುಂಬ ಕನ್ನಡ ಆಡಲು ಸಿಗುತ್ತಿದ್ದ ಜಾಗವೇ ತಾಲೀಮಿನ ಕೋಣೆ.

ತೆಂಗಿನ ತೋಪು, ಶಾಲೆಯ ಕೋಣೆ

ಮೈಸೂರಿನ ‘ಸಮತೆಂತೊ’ ತಂಡದ ಹೆಸರು ಕೇಳಿದ್ದೀರಿ. ‘ಸರಸ್ವತೀಪುರಂ ಮಧ್ಯದ ತೆಂಗಿನ ತೋಪು’ ಎಂಬುದರ ಮೊದಲಕ್ಷರಗಳು ಅವು. ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ನ. ರತ್ನ, ಸಿಂಧುವಳ್ಳಿ ಅನಂತಮೂರ್ತಿ ಮೊದಲಾದವರ ಬಳಗ. ಸಣ್ಣ ಬಳಗ, ಓದಿನ ಹುಚ್ಚಿನ ಬಳಗ, ಕೈಯಲ್ಲಿ ಕಾಸು ಕಡಿಮೆ. ಅಸಂಗತ ನಾಟಕ ಮೈಸೂರಿನಲ್ಲಿ ಬೇರು ಬಿಟ್ಟದ್ದು ಇಂಥ ಕಡೆ. ನಾಲ್ಕೇ ಪಾತ್ರ, ಖಾಲಿ ರಂಗ, ಅರ್ಥಕ್ಕೆ ಸಿಕ್ಕೂ ಸಿಗದ ಮಾತು. ಯುರೋಪಿನಿಂದ ಬಂದ ಗಾಳಿ ಅದು, ನಿಜ. ಆದರೆ ಆ ಗಾಳಿಗೆ ಇಲ್ಲಿ ಕಿಟಕಿ ತೆರೆದುಕೊಟ್ಟದ್ದು ನಾಲ್ಕೈದು ಜನರ ಸಂಜೆಯ ವಾದ.

ನಮ್ಮ ತಂಡಕ್ಕೆ ತೋಪಿನ ಭಾಗ್ಯ ಇರಲಿಲ್ಲ. ಒಂದು ಪ್ರಾಥಮಿಕ ಶಾಲೆಯ ಕೋಣೆ ಇತ್ತು. ಐದನೇ ತರಗತಿಯ ಕೋಣೆ. ಬೆಂಚುಗಳು ಮಕ್ಕಳ ಅಳತೆಯವು, ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಅವನ್ನು ಗೋಡೆಗೆ ಒತ್ತರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ರಂಗದ ಅಳತೆ ಗೀಚುತ್ತಿದ್ದೆವು. ಎರಡು ಬೆಂಚು ಒಂದರ ಮೇಲೊಂದು ಇಟ್ಟರೆ ಸಿಂಹಾಸನ, ಮಗ್ಗುಲಾಗಿ ಮಲಗಿಸಿದರೆ ಕೋಟೆಯ ಗೋಡೆ. ಕಪ್ಪುಹಲಗೆಯ ಮೇಲಿನ ಲೆಕ್ಕವನ್ನು ಅಳಿಸಬಾರದು ಎಂಬುದು ಹೆಡ್‌ಮಿಸ್ಸಿನ ಕಟ್ಟಪ್ಪಣೆ. ಹೊರಡುವ ಮುಂಚೆ ನೆಲ ಒರೆಸಿ, ಬೆಂಚುಗಳನ್ನು ಯಥಾಸ್ಥಾನಕ್ಕೆ ತಂದು ಇಡಬೇಕು. ಒಂಬತ್ತು ಹೊಡೆದರೆ ಕಾವಲುಗಾರ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದ. ಎಂಥ ಭಾವಾವೇಶದ ದೃಶ್ಯವೂ ಆ ಸದ್ದಿಗೆ ನಿಂತುಬಿಡಬೇಕು. ಮೆಲ್ಲಮೆಲ್ಲಗೆ ಅವನೂ ನಾಟಕ ನೋಡತೊಡಗಿದ. ಇಂಥವನು ನಿನ್ನೆಗಿಂತ ಇವತ್ತು ಚೆನ್ನಾಗಿ ಅತ್ತ, ಇಂಥವನು ಮಾತು ನುಂಗಿದ ಎಂದು ಷರಾ ಹೇಳುವ ಮಟ್ಟಕ್ಕೆ ಬಂದ.

ಹಾಗೆ ಒರೆಸುವ ಕೆಲಸಕ್ಕೆ ನಾಯಕ ನಟನೂ ಬಗ್ಗಲೇಬೇಕಿತ್ತು. ಸೆಟ್ ಹೊರುವುದು, ಟಿಕೆಟ್ ಮಾರುವುದು, ಸ್ಮರಣ ಸಂಚಿಕೆಗೆ ಜಾಹೀರಾತು ಬೇಡಲು ಬೀದಿ ಸುತ್ತುವುದು ಎಲ್ಲರ ಪಾಲಿಗೂ ಇತ್ತು. ಅಂಗಡಿಯವರು ‘ಶುಭ ಹಾರೈಕೆ’ ಎಂದಷ್ಟೇ ಹಾಕಿಸಿ, ಕೊಡುವುದನ್ನು ಕೊಟ್ಟು, ನಾಟಕಕ್ಕೆ ಮಾತ್ರ ಬರುತ್ತಿರಲಿಲ್ಲ. ಆಫೀಸಿನಲ್ಲಿ ಮೇಲಧಿಕಾರಿಯಾಗಿದ್ದವನು ತಾಲೀಮಿನಲ್ಲಿ ತನ್ನ ಗುಮಾಸ್ತನಿಂದ ಬೈಸಿಕೊಳ್ಳುತ್ತಿದ್ದ, ಏಕೆಂದರೆ ಇಲ್ಲಿ ಗುಮಾಸ್ತ ನಿರ್ದೇಶಕ. ಜಗಳಗಳೂ ಇದ್ದವು. ಪಾತ್ರ ಕೊಡಲಿಲ್ಲ ಎಂದು ಮುನಿಸು, ಕರಪತ್ರದಲ್ಲಿ ಹೆಸರು ಕೆಳಗೆ ಬಂತೆಂದು ಮುನಿಸು. ಹೀಗೆ ಒಡೆದ ತಂಡದಿಂದ ಎರಡು ತಂಡ ಹುಟ್ಟುತ್ತಿತ್ತು, ಪ್ರದರ್ಶನದ ದಿನ ಒಂದರ ಡಿಮ್ಮರನ್ನು ಇನ್ನೊಂದು ಎರವಲು ಕೇಳುತ್ತಿತ್ತು. ಮದುವೆಗಳೂ ಆದವು. ಜಾತಿ ನೋಡದೆ ಆದ ಹಲವು ಮದುವೆಗಳಿಗೆ ತಾಲೀಮಿನ ಕೋಣೆಯೇ ಸಾಕ್ಷಿ, ತಂಡದವರೇ ಬಂಧು ಬಳಗ.

ಮೇಳ ಕಟ್ಟಿದವರು

1963ರಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆದಾಗ ಬೆಂಗಳೂರಿನ ತಂಡಗಳಿಗೆ ಒಂದು ರಂಗಮಂದಿರದ ಜೊತೆಗೆ ಒಂದು ಕಟ್ಟೆಯೂ ಸಿಕ್ಕಿತು. ಕಲಾಕ್ಷೇತ್ರದ ಮೆಟ್ಟಿಲು, ಕ್ಯಾಂಟೀನು, ಹಿಂದಿನ ಬಯಲು. ನಾಟಕ ಇರಲಿ ಬಿಡಲಿ, ಸಂಜೆಯಾದರೆ ಅಲ್ಲಿಗೆ ಹೋಗುವುದು ನೂರಾರು ಜನರಿಗೆ ಅಭ್ಯಾಸವಾಯಿತು. ಒಂದು ತಂಡಕ್ಕೆ ಸೈನಿಕರು ಕಡಿಮೆ ಬಿದ್ದರೆ ಮೆಟ್ಟಿಲ ಮೇಲೆ ಕೂತವರನ್ನೇ ಎಬ್ಬಿಸಿಕೊಂಡು ಹೋಗುವುದಿತ್ತು.

ಈ ಹಿನ್ನೆಲೆಯಲ್ಲಿ 1972ರ ಬಯಲು ರಂಗಮಂದಿರದ ನಾಟಕೋತ್ಸವವನ್ನು ನೋಡಬೇಕು. ಬಿ.ವಿ. ಕಾರಂತರ ನಿರ್ದೇಶನದಲ್ಲಿ ಕಂಬಾರರ ‘ಜೋಕುಮಾರಸ್ವಾಮಿ’, ಲಂಕೇಶರ ‘ಸಂಕ್ರಾಂತಿ’, ಲಂಕೇಶರೇ ಕನ್ನಡಕ್ಕೆ ತಂದ ‘ಈಡಿಪಸ್’. ಆಮೇಲೆ ಬೆನಕ, ಅಂದರೆ ಬೆಂಗಳೂರು ನಗರ ಕಲಾವಿದರು, ಆಡಿದ ‘ಹಯವದನ’, ‘ಸತ್ತವರ ನೆರಳು’. ಪಡಸಾಲೆಯ ಗೋಡೆ ಬಿದ್ದುಹೋಯಿತು, ಹಾಡು ಮರಳಿ ಬಂತು. ಅದು ಕಂಪನಿಯ ಒಂಟಿ ಗಾಯಕನ ಹಾಡಲ್ಲ, ಮೇಳದ ಹಾಡು. ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳನ್ನು ಇಡೀ ತಂಡ ಹಾಡುತ್ತ ಕುಣಿಯುತ್ತ ರಂಗ ತುಂಬುತ್ತಿತ್ತು.

ಜನಪದ ರಂಗಭೂಮಿಯ ಮರುಶೋಧ ಎಂದು ಇದನ್ನು ಪಾಠ ಮಾಡುತ್ತೇವೆ. ಅದಕ್ಕೆ ನಾನು ಒಂದು ಸಾಲು ಸೇರಿಸುತ್ತೇನೆ. ಮೂವತ್ತು ಜನ ತರುಣ ತರುಣಿಯರು ಎರಡು ತಿಂಗಳು ದಿನಾ ಸಂಜೆ ಕೂಡಿ ಹಾಡಿದರೆ ಮಾತ್ರ ಮೇಳ ಮೇಳವಾಗುತ್ತದೆ. ಸಂಬಳ ಕೊಟ್ಟು ಇಷ್ಟು ಜನರನ್ನು ಇಟ್ಟುಕೊಳ್ಳಲು ಆ ಕಾಲಕ್ಕೆ ಯಾರಿಗೂ ಶಕ್ತಿ ಇರಲಿಲ್ಲ. 70ರ ದಶಕದ ಬೆಂಗಳೂರಿನಲ್ಲಿ ಅಂಥ ಸಂಜೆಗಳು ಪುಕ್ಕಟೆಯಾಗಿ ಸಿಗುತ್ತಿದ್ದವು. ಐದಕ್ಕೆ ಕಚೇರಿ ಬಿಡುತ್ತಿತ್ತು, ಸೈಕಲ್ಲಿನಲ್ಲಿ ಕಾಲು ಗಂಟೆಗೆ ಕಲಾಕ್ಷೇತ್ರ ಸೇರಬಹುದಿತ್ತು. ಆ ಹೊಸ ರಂಗಭಾಷೆ ಹುಟ್ಟಿದ್ದು ಕಾರಂತರ ಪ್ರತಿಭೆ ಮತ್ತು ಆ ಊರಿನ ಸಂಜೆ ಎರಡೂ ಕೂಡಿದಾಗ. ಸಿ.ಆರ್. ಸಿಂಹರ ‘ನಟರಂಗ’ ಕೂಡ ಆ ವರ್ಷಗಳ ಕೂಸು. ಅವರ ‘ತುಘಲಕ್’ ಪಾತ್ರವನ್ನು ನೋಡಿದವರು ಇವತ್ತಿಗೂ ನೆನೆಯುತ್ತಾರೆ.

1975ರಲ್ಲಿ ಹುಟ್ಟಿದ ‘ಸಮುದಾಯ’ ಇನ್ನೊಂದು ಹೆಜ್ಜೆ ಇಟ್ಟಿತು. ತುರ್ತುಪರಿಸ್ಥಿತಿಯ ಕಾಲ. ಪ್ರಸನ್ನ, ಸಿ.ಜಿ. ಕೃಷ್ಣಸ್ವಾಮಿ (ಸಿಜಿಕೆ) ಮೊದಲಾದವರ ಸುತ್ತ ವಿದ್ಯಾರ್ಥಿಗಳು, ಅಧ್ಯಾಪಕರು, ಬ್ಯಾಂಕ್ ಮತ್ತು ಕಾರ್ಖಾನೆ ನೌಕರರು ಸೇರಿದರು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ದಲಿತರ ಹತ್ಯೆ ನಡೆದಾಗ ಸಿಜಿಕೆ ನಿರ್ದೇಶನದ ‘ಬೆಲ್ಚಿ’ ಬೀದಿಗೆ ಇಳಿಯಿತು. ಸೆಟ್ ಇಲ್ಲ, ಲೈಟ್ ಇಲ್ಲ, ಹಾಲಿನ ಬಾಡಿಗೆ ಇಲ್ಲ. ಕಾರ್ಖಾನೆ ಗೇಟು, ಸಂತೆಮಾಳ, ಬಸ್ ನಿಲ್ದಾಣ ಎಲ್ಲೆಂದರಲ್ಲಿ ಆಡಬಹುದು. ಒಬ್ಬನಿಗೆ ರಜೆ ಸಿಗದಿದ್ದರೆ ಇನ್ನೊಬ್ಬ ಆ ಪಾತ್ರಕ್ಕೆ ನಿಲ್ಲಬಹುದು. ಬೀದಿನಾಟಕದ ರೂಪಕ್ಕೆ ರಾಜಕೀಯ ಕಾರಣ ಇದ್ದ ಹಾಗೆ ನೌಕರನ ರಜೆ ಅರ್ಜಿಯ ಕಾರಣವೂ ಇತ್ತು. ರಜೆ ಕೂಡಿಸಿಟ್ಟುಕೊಂಡು ಜಾಥಾಗಳಲ್ಲಿ ಊರೂರು ತಿರುಗಿದವರಿದ್ದಾರೆ.

ಹೆಗ್ಗೋಡಿನ ಸಂಜೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಹುಪಾಲು ನಗರದ ಸಂಜೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ನಮ್ಮ ನೀನಾಸಮ್, ಹಳ್ಳಿಯ ಸಂಜೆಯನ್ನು ತೋರಿಸುತ್ತದೆ. ಕೂಡಿ ಪತ್ರಿಕೆ ಓದುವುದು, ಆಗಾಗ ನಾಟಕ ಆಡುವುದು ಅಲ್ಲಿನ ಮೊದಲ ಚಟುವಟಿಕೆಗಳು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರು. ಜೊತೆಗಿದ್ದವರೂ ತೋಟ ಗದ್ದೆಗಳ ಜನ. ಅಲ್ಲಿ ಗಡಿಯಾರಕ್ಕಿಂತ ಮಳೆ ದೊಡ್ಡದು. ಮಳೆಗಾಲದ ತಿಂಗಳುಗಳು ಒಂದು ಲೆಕ್ಕ, ಅಡಿಕೆ ಕೊಯ್ಲಿನ ತಿಂಗಳುಗಳು ಇನ್ನೊಂದು ಲೆಕ್ಕ.

1972ರಲ್ಲಿ ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡ. ತಿರುಗಾಟದ ನಟರು ವರ್ಷದ ಬಹುಭಾಗ ನಾಟಕಕ್ಕೇ ಮೀಸಲಾದವರು, ಅವರನ್ನು ಹವ್ಯಾಸಿಗಳು ಎನ್ನಲಾಗದು. ಆದರೆ ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದೆಗೆದ ಮೇಲೆ ಸಂಚಾರ ಎಂಬ ಅವರ ಪಂಚಾಂಗ ಆ ಊರಿನ ಬೇಸಾಯದ ರೀತಿಗೇ ಹೊಂದಿಕೊಂಡದ್ದು.

ನೀನಾಸಮ್ಮಿನ ಒಂದು ಕೆಲಸ ನನ್ನ ವಾದಕ್ಕೆ ಬಹಳ ಮುಖ್ಯ. 80ರ ದಶಕದ ‘ಜನಸ್ಪಂದನ’ ಯೋಜನೆಯಲ್ಲಿ, ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದವರೊಡನೆ ನಾಟಕ ಮಾಡಿಸಿದರು. ಆಫ್ರಿಕದ ಮೂಲದ ಈ ಜನ ಆಡಿದ್ದು ಚಿನುವಾ ಅಚಿಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’. ಹಗಲೆಲ್ಲ ಕೂಲಿ ಮಾಡುವವರು ರಾತ್ರಿ ತಾಲೀಮಿಗೆ ಕೂಡಿದರು ಎಂದರೆ ಅದರ ಬೆಲೆ ಬೇರೆ.

ಯಾರಿಗೆ ಸಂಜೆ ಇತ್ತು?

ಬೆಲೆ ಬೇರೆ ಎಂದೆ. ಏಕೆಂದರೆ ಸಂಜೆ ಎಲ್ಲರಿಗೂ ಸಮನಾಗಿ ಹಂಚಿದ ಆಸ್ತಿಯಲ್ಲ. ನಮ್ಮ ಹವ್ಯಾಸಿ ತಂಡಗಳ ಹಳೆಯ ಗ್ರೂಪ್ ಫೋಟೋಗಳನ್ನು ನೋಡಿ. ಬಸವನಗುಡಿ, ಮಲ್ಲೇಶ್ವರ, ಸರಸ್ವತೀಪುರ, ಧಾರವಾಡದ ಮಾಳಮಡ್ಡಿಯಂಥ ಕೆಲವೇ ಬಡಾವಣೆಗಳು, ಕೆಲವೇ ಜಾತಿಗಳು, ಬಹುಪಾಲು ಗಂಡಸರು. ಸಂಬಳದ ನೌಕರಿ, ನಿಗದಿಯಾದ ಹೊತ್ತು, ಮನೆಯಲ್ಲಿ ಬೇಯಿಸಿ ಇಟ್ಟ ಊಟ ಈ ಮೂರೂ ಇದ್ದವರಿಗೇ ನಾಟಕದ ಹವ್ಯಾಸ ಸಾಧ್ಯವಿತ್ತು. ಕಟ್ಟಡದ ಕೂಲಿಯವನಿಗೆ, ಬೀಡಿ ಕಟ್ಟುವ ಹೆಂಗಸಿಗೆ, ದಿನಸಿ ಅಂಗಡಿಯ ಹುಡುಗನಿಗೆ ಇಂಥ ಬಿಡುವು ಇರಲಿಲ್ಲ. ಅವರ ಬದುಕು ನಾಟಕದಲ್ಲಿ ಬಂದಾಗಲೂ ಅದನ್ನು ಆಡಿದವರು ಬೇರೆ ಜನ. ‘ಬೆಲ್ಚಿ’ಯ ಕಾಲದಿಂದ ಈ ಅರಿವು ನಮ್ಮಲ್ಲಿ ಬಂದಿದೆ. ದಲಿತ, ಬಂಡಾಯ ಚಳವಳಿಗಳ ಹಾಡು ನಾಟಕಗಳು ಹೊಸ ಜನರನ್ನು ರಂಗಕ್ಕೆ ತಂದಿವೆ. ಆದರೆ ಅಂತರ ಪೂರ್ತಿ ಮುಚ್ಚಿಲ್ಲ. ಹವ್ಯಾಸಿ ರಂಗಭೂಮಿಯ ಹೆಮ್ಮೆಯ ಜೊತೆಗೆ ಈ ಮಿತಿಯನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

ಸಂಜೆ ಇದ್ದವರ ಸಂಜೆಯೂ ಕರಗಿತು. 80ರ ದಶಕದಲ್ಲಿ ಟಿ.ವಿ. ಧಾರಾವಾಹಿಗಳು ನಟರಿಗೆ ದುಡ್ಡು ತೋರಿಸಿದವು. ತಪ್ಪೇನಿಲ್ಲ, ನಟನಿಗೂ ಹೊಟ್ಟೆ ಇದೆ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಬಂದಮೇಲೆ ಸರ್ಕಾರದ ಸಂಬಳದಲ್ಲಿ ನಾಟಕ ಮಾಡುವ ಹೊಸ ದಾರಿ ತೆರೆಯಿತು. ಆಮೇಲೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ನೌಕರಿ, ರಾತ್ರಿಯ ಕಾಲ್‌ಗಳು, ಎರಡು ಗಂಟೆಯ ಟ್ರಾಫಿಕ್ಕು. ಆರು ಗಂಟೆಗೆ ವೈಟ್‌ಫೀಲ್ಡಿನಲ್ಲಿ ಕೆಲಸ ಮುಗಿಸಿದವನು ಜಯನಗರದ ತಾಲೀಮಿಗೆ ಎಷ್ಟಕ್ಕೆ ತಲುಪಿಯಾನು?

ನಾಟಕದ ರೂಪ ಮತ್ತೆ ಇದಕ್ಕೆ ತಕ್ಕಂತೆ ತಿರುಗಿದೆ. ತಾಲೀಮು ಈಗ ಶನಿವಾರ ಭಾನುವಾರ. ಎ.ಎಸ್. ಮೂರ್ತಿಯವರು ಭಾನುವಾರದ ರಂಗಶಾಲೆಯಾಗಿ ‘ಅಭಿನಯ ತರಂಗ’ವನ್ನು ಕಟ್ಟಿದಾಗಲೇ ಈ ಸುಳಿವು ಇತ್ತು. ವಾರಾಂತ್ಯದ ಕಾರ್ಯಾಗಾರ, ಅದರ ಕೊನೆಗೊಂದು ನಾಟಕ, ಆಮೇಲೆ ಚದುರುವ ಬಳಗ: ಇದು ಇವತ್ತಿನ ಸಾಮಾನ್ಯ ಮಾದರಿ. ತೊಂಬತ್ತು ನಿಮಿಷದ, ಇಂಟರ್‌ವಲ್ ಇಲ್ಲದ ನಾಟಕ, ಏಕವ್ಯಕ್ತಿ ಪ್ರಯೋಗ, ಕಥೆಗಳ ರಂಗ ಓದು ಹೆಚ್ಚುತ್ತಿವೆ. ಏಕವ್ಯಕ್ತಿ ನಾಟಕ ಏಕೆ ಇಷ್ಟು ಹೆಚ್ಚಿತು ಎಂದು ಕೇಳುವವರಿಗೆ ಸರಳ ಉತ್ತರ ಇದೆ. ಒಬ್ಬನೇ ನಟನಾದರೆ ಹತ್ತು ಜನರ ಬಿಡುವನ್ನು ಹೊಂದಿಸುವ ಕಷ್ಟ ಇಲ್ಲ. 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರ, ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವ ಶಿಸ್ತನ್ನೂ, ನಾಟಕ ಮುಗಿದ ಮೇಲೆ ಕೂತು ಮಾತಾಡುವ ಕೆಫೆಯ ಸಡಿಲವನ್ನೂ ಒಟ್ಟಿಗೆ ಕೊಟ್ಟಿದೆ. ಪ್ರದರ್ಶನಕ್ಕೆ ಒಳ್ಳೆಯ ಜಾಗಗಳು ನಮಗೆ ಇವೆ. ತಾಲೀಮಿಗೆ ಇಲ್ಲ.

ಕೊನೆಗೆ ಎರಡು ಮಾತು

ಈ ಸಭೆಯಲ್ಲಿ ವಿಶ್ವವಿದ್ಯಾಲಯದವರು, ಅಕಾಡೆಮಿಯವರು, ಪಾಲಿಕೆಯವರು ಇದ್ದೀರಿ. ಆದ್ದರಿಂದ ನೇರವಾಗಿ ಕೇಳುತ್ತೇನೆ.

ಮೊದಲನೆಯದು ದಾಖಲೆ. ತಂಡಗಳ ಪ್ರಾಂಪ್ಟ್ ಪ್ರತಿಗಳು, ಲೆಕ್ಕದ ಪುಸ್ತಕಗಳು, ಕರಪತ್ರಗಳು, ಹಾಜರಿ ಪಟ್ಟಿಗಳು ಹಳಬರ ಮನೆಯ ಅಟ್ಟಗಳಲ್ಲಿವೆ. ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ಅವೇ. ನಾಟಕದ ಪಠ್ಯ ಅಚ್ಚಾಗಿ ಉಳಿಯುತ್ತದೆ, ಆ ಪಠ್ಯ ಏಕೆ ಹಾಗಾಯಿತು ಎಂಬುದರ ಸಾಕ್ಷ್ಯ ಇವುಗಳಲ್ಲಿ ಮಾತ್ರ ಇದೆ. ರಂಗಕಲೆಯ ವಿಭಾಗಗಳು ಪ್ರತಿ ವಿದ್ಯಾರ್ಥಿಗೆ ತನ್ನ ಊರಿನ ಒಂದು ತಂಡವನ್ನು ಹಂಚಿ, ಹಳಬರನ್ನು ಮಾತಾಡಿಸಿ ಬರಲು ಹೇಳಲಿ. ನಟರ ಜೊತೆಗೆ ಟೀ ತಂದವರನ್ನೂ ಮಾತಾಡಿಸಲಿ. ನನ್ನ ಲೆಕ್ಕದ ಪುಸ್ತಕವನ್ನು ಅಂಥ ಸಂಗ್ರಹಕ್ಕೆ ಕೊಡಲು ಸಿದ್ಧನಿದ್ದೇನೆ.

ಎರಡನೆಯದು ಜಾಗ. ಸರ್ಕಾರದ ನೆರವು ಬಹುಮಟ್ಟಿಗೆ ಪ್ರದರ್ಶನಕ್ಕೆ, ಉತ್ಸವಕ್ಕೆ ಹೋಗುತ್ತದೆ. ಒಂದು ರಾತ್ರಿಯ ಪ್ರದರ್ಶನಕ್ಕೆ ಮುಂಚೆ ಎರಡು ತಿಂಗಳ ತಾಲೀಮು ಇರುತ್ತದೆ, ಅದಕ್ಕೆ ಬಿಡಿಗಾಸೂ ಇಲ್ಲ. ಪ್ರತಿ ವಾರ್ಡಿನಲ್ಲಿ ಸರ್ಕಾರಿ ಶಾಲೆಗಳಿವೆ, ಸಮುದಾಯ ಭವನಗಳಿವೆ. ಸಂಜೆ ಆರರಿಂದ ಒಂಬತ್ತೂವರೆ ತನಕ ಒಂದು ಕೋಣೆ, ಒಂದು ಶೌಚಾಲಯ, ಕುಡಿಯುವ ನೀರು, ಬೀಗ ತೆಗೆಯಲು ಒಬ್ಬ ಮನುಷ್ಯ. ಅಲ್ಪ ಬಾಡಿಗೆಗೆ ಇಷ್ಟು ಕೊಟ್ಟರೆ ಸಾಕು. ಹೆಣ್ಣುಮಕ್ಕಳಿಗೆ ನಡೆದು ಹೋಗುವ ದೂರದಲ್ಲಿ ತಾಲೀಮು ಸಿಗುತ್ತದೆ. ಬಸವನಗುಡಿಗೆ ಬರಲಾಗದ ಹುಡುಗ ತನ್ನ ಬೀದಿಯಲ್ಲೇ ನಾಟಕ ಕಟ್ಟುತ್ತಾನೆ. ಎಷ್ಟು ಬಗೆಯ ಜನ ಸಂಜೆ ಕೂಡಬಲ್ಲರೋ ಅಷ್ಟು ಬಗೆಯ ನಾಟಕ ನಮಗೆ ಸಿಗುತ್ತದೆ ಎಂಬುದಕ್ಕೆ ನೂರು ವರ್ಷದ ಸಾಕ್ಷ್ಯವನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಹೊಸ ನಾಟಕ ಎಲ್ಲಿ ಎಂದು ಕೇಳುವ ಮೊದಲು ಆ ಕೋಣೆಯ ಬೀಗ ತೆಗೆಸಿ.